ಸರ್, ಇದು ಸುನಾಮಿ ಚಿತ್ರವಾ?

ಕಾರವಾರದ ನಮ್ಮ ಶಾಲೆಯ ಡ್ರಾಯಿಂಗ್ ರೂಮಿನಲ್ಲಿ ಒಂದು ದೊಡ್ಡ ಪ್ರಿಂಟ್ ತೂಗುಹಾಕಿದ್ದೇನೆ. ನೀಲಿ ಅಲೆಯೊಂದು ಎತ್ತರಕ್ಕೆ ಎದ್ದು ಬಾಗಿ ನಿಂತಿದೆ. ತುದಿಯಲ್ಲಿ ಬಿಳಿ ನೊರೆ. ಕೆಳಗೆ ಮೂರು ದೋಣಿ. ದೂರದಲ್ಲಿ ಪುಟ್ಟದೊಂದು ಬೆಟ್ಟ. ನೀವೂ ಇದನ್ನು ನೋಡಿರುತ್ತೀರಿ. ಟೀ ಶರ್ಟ್, ಮೊಬೈಲ್ ಕವರ್, ಕಾಫಿ ಮಗ್ ಎಲ್ಲದರ ಮೇಲೂ ಇದೆ. ಬರೆದವರು ಜಪಾನಿನ ಹೊಕುಸಾಯಿ. ರೂಮಿಗೆ ಬಂದ ಪಾಲಕರು, ಹೊಸ ಮಕ್ಕಳು, ಬೇರೆ ಶಾಲೆಯ ಶಿಕ್ಷಕರು ಎಲ್ಲರೂ ಕೇಳುವುದು ಇದೇ: "ಸರ್, ಇದು ಸುನಾಮಿ ಚಿತ್ರವಾ?"

ಅಲ್ಲ. ಸುನಾಮಿ ನಡುಗಡಲಲ್ಲಿ ಹೀಗೆ ಏಳುವುದಿಲ್ಲ. ಆಳದ ನೀರಲ್ಲಿ ಅದು ಸಾಮಾನ್ಯವಾಗಿ ಒಂದು ಮೀಟರ್ ಕೂಡ ಎತ್ತರ ಇರುವುದಿಲ್ಲ. ಮೇಲಿದ್ದ ದೋಣಿಯವರಿಗೆ ಗೊತ್ತೂ ಆಗದೆ ದಾಟಿ ಹೋಗುತ್ತದೆ. ನೀರು ಕಡಿಮೆಯಾಗುವ ದಡದ ಹತ್ತಿರ ಬಂದಾಗಲೇ ಅದು ಮೇಲೇಳುವುದು. ಚಿತ್ರದಲ್ಲಿರುವುದು ಗಾಳಿಗೆ ಎದ್ದು ತಲೆ ಮುರಿದು ಬೀಳುತ್ತಿರುವ ಅಲೆ. ತುಂಬ ದೊಡ್ಡದು ನಿಜ. ಆದರೆ ಸಮುದ್ರಕ್ಕೆ ಹೋಗುವವರು ಇಂಥದ್ದನ್ನು ಕಂಡಿರುತ್ತಾರೆ.

ಹಾಗಾದರೆ ಇದು ಏನು? ಚಿತ್ರದ ಹೆಸರೇ ಹೇಳುತ್ತದೆ: ಕನಗಾವಾದ ಕಡಲಲ್ಲಿ, ಅಲೆಯ ಕೆಳಗೆ. ಆ ದೋಣಿಗಳು ಹಿಡಿದ ಮೀನನ್ನು ತಾಜಾ ಇರುವಾಗಲೇ ಎದೊ ಪೇಟೆಗೆ ಮುಟ್ಟಿಸುತ್ತಿದ್ದ ವೇಗದ ದೋಣಿಗಳು. ಎದೊ ಅಂದರೆ ಇವತ್ತಿನ ಟೋಕಿಯೊ. ಐಸ್ ಫ್ಯಾಕ್ಟರಿ ಇಲ್ಲದ ಕಾಲ. ಬೇಗ ತಲುಪಿದಷ್ಟೂ ರೇಟು ಜಾಸ್ತಿ. ಬೈತಖೋಲ ಬಂದರಿನಲ್ಲಿ ಬೆಳಗ್ಗೆ ನಿಂತು ನೋಡಿದವರಿಗೆ ಈ ಅವಸರ ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರದಲ್ಲಿರುವುದು ಅವರ ಒಂದು ದಿನದ ಕೆಲಸ.

ಅದಕ್ಕೇ ನಾನು ಮಕ್ಕಳಿಗೆ ಮೊದಲು ಅಲೆ ನೋಡಲು ಬಿಡುವುದಿಲ್ಲ. ದೋಣಿಯೊಳಗಿನ ಜನರನ್ನು ಎಣಿಸಿ ಅನ್ನುತ್ತೇನೆ. ಒಂದೊಂದು ದೋಣಿಯಲ್ಲಿ ಎಂಟು ಜನ ಹುಟ್ಟು ಹಾಕುವವರು. ಎಲ್ಲರೂ ಮುಂದಕ್ಕೆ ಬಾಗಿ, ಮೈ ಒತ್ತಿಕೊಂಡು, ಹುಟ್ಟು ಬಿಡದೆ ಕೂತಿದ್ದಾರೆ. ಒಬ್ಬನೂ ನೀರಿಗೆ ಬಿದ್ದಿಲ್ಲ. ಒಬ್ಬನೂ ಕೈ ಮೇಲೆತ್ತಿ ಕೂಗುತ್ತಿಲ್ಲ. ಒಮ್ಮೆ ವಿದ್ಯಾರ್ಥಿಯೊಬ್ಬನ ಅಜ್ಜ ಬಂದಿದ್ದರು. ಹಳೆಯ ಮೀನುಗಾರರು. ಚಿತ್ರವನ್ನು ಹತ್ತಿರದಿಂದ ನೋಡಿ, "ಇವ್ರು ಮುಳುಗುದಿಲ್ಲ ಸರ್. ಮೂತಿ ತೆರೆಗೇ ಕೊಟ್ಟಿದ್ದಾರೆ. ಅಡ್ಡ ಆದ್ರೆ ಮಾತ್ರ ಕಷ್ಟ" ಅಂದರು. ಅಳಿವೆಯ ಬಾಯಲ್ಲಿ ದೋಣಿ ದಾಟಿಸಿದವರ ಕಣ್ಣು ಅದು. ಈ ಚಿತ್ರದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ.

ಇಷ್ಟು ಹೇಳಿದ ಮೇಲೆ ಮುಂದಿನ ಪ್ರಶ್ನೆ ಬರುತ್ತದೆ. ಇದನ್ನು ಬರೆದವರು ಯಾರು, ಎಷ್ಟು ದಿನದಲ್ಲಿ ಬರೆದರು? ನನ್ನ ಉತ್ತರ: ಸುಮಾರು ಮೂವತ್ತು ವರ್ಷದಲ್ಲಿ.

ಹೊಕುಸಾಯಿ 1760ರಲ್ಲಿ ಎದೊದಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ ಮರದ ಅಚ್ಚು ಕೆತ್ತುವ ಕೆಲಸ ಕಲಿತರು. ಹದಿನೆಂಟರ ಹೊತ್ತಿಗೆ ಕತ್ಸುಕಾವಾ ಶುನ್‌ಶೊ ಎಂಬ ಗುರುವಿನ ಹತ್ತಿರ ಸೇರಿ ಕಬುಕಿ ನಟರ ಚಿತ್ರ ಬರೆಯತೊಡಗಿದರು. ನಮ್ಮ ಜಿಲ್ಲೆಯಲ್ಲಿ ಯಕ್ಷಗಾನದ ಹೆಸರಾಂತ ವೇಷಧಾರಿಗಳಿಗೆ ಇರುವಷ್ಟೇ ಅಭಿಮಾನಿಗಳು ಅಲ್ಲಿ ಕಬುಕಿ ನಟರಿಗಿದ್ದರು. ಅವರ ಚಿತ್ರಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು. ಆಮೇಲೆ ಹೊಕುಸಾಯಿ ಕೈ ಹಾಕದ ವಿಷಯವೇ ಇಲ್ಲ. ಪುಸ್ತಕದ ಚಿತ್ರ, ಹೂವು, ಹಕ್ಕಿ, ದೆವ್ವ, ಕುಸ್ತಿ, ಸೇತುವೆ, ಜಲಪಾತ. 1814ರಿಂದ ಬಂದ 'ಹೊಕುಸಾಯಿ ಮಾಂಗಾ' ಎಂಬ ರೇಖಾಚಿತ್ರಗಳ ಪುಸ್ತಕಮಾಲೆ 15 ಸಂಪುಟದ ತನಕ ಬೆಳೆಯಿತು. ಡ್ರಾಯಿಂಗ್ ಕಲಿಯುವ ಯಾರಿಗೇ ಆದರೂ ನಾನು ಮೊದಲು ತೋರಿಸುವುದು ಅದನ್ನೇ. ಜೀವನದಲ್ಲಿ ಮೂವತ್ತಕ್ಕೂ ಜಾಸ್ತಿ ಸಲ ಹೆಸರು ಬದಲಿಸಿದರು. ಮನೆ ಬದಲಿಸಿದ್ದು 93 ಸಲ ಅನ್ನುತ್ತಾರೆ.

ಈಗ ಅಲೆಗೆ ಬರೋಣ. 1803ರ ಸುಮಾರಿಗೆ ಅವರು ಇದೇ ಕನಗಾವಾ ಕಡಲಿನ ಒಂದು ಚಿತ್ರ ಮಾಡಿದ್ದರು. ಅಲ್ಲೂ ದೊಡ್ಡ ಅಲೆ, ಅಲ್ಲೂ ದೋಣಿ. ಆದರೆ ಆ ಅಲೆ ಗಟ್ಟಿಯಾಗಿದೆ. ನೀರು ಅನ್ನಿಸುವುದಿಲ್ಲ, ಬಂಡೆ ಅನ್ನಿಸುತ್ತದೆ. ಎರಡು ವರ್ಷದ ನಂತರ, ಸುಮಾರು 1805ರಲ್ಲಿ, ಮತ್ತೆ ಬರೆದರು. ಈ ಸಲ ಹುಟ್ಟು ಹಾಕುವ ಮೀನಿನ ದೋಣಿಗಳೇ ಬಂದವು. ಅಲೆ ಬಾಗಿತು, ಆದರೆ ಇನ್ನೂ ಭಾರ. ಕೊನೆಗೆ 1831ರ ಸುಮಾರಿಗೆ, ಎಪ್ಪತ್ತು ದಾಟಿದ ಮೇಲೆ, ಇದು ಬಂತು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮೂರೂ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ನಡುವಿನ ವರ್ಷಗಳಲ್ಲಿ ಒಬ್ಬ ಮನುಷ್ಯ ಕಣ್ಣು ಮುಚ್ಚದೆ ನೀರು ನೋಡಿದ್ದು ಗೊತ್ತಾಗುತ್ತದೆ. ಕೊನೆಯ ಚಿತ್ರದಲ್ಲಿ ಅಲೆಯ ಹೊಟ್ಟೆ ಟೊಳ್ಳು. ಆ ಟೊಳ್ಳಿನೊಳಗೆ ಫ್ಯೂಜಿ ಬೆಟ್ಟ. ಜಪಾನಿನ ಅತಿ ಎತ್ತರದ ಬೆಟ್ಟ ಒಂದು ಮೂಲೆಯ ಸಣ್ಣ ತ್ರಿಕೋನವಾಗಿದೆ. ಅಸಲಿಗೆ ಈ ಚಿತ್ರ 'ಫ್ಯೂಜಿಯ ಮೂವತ್ತಾರು ನೋಟಗಳು' ಎಂಬ ಸರಣಿಯದು! ಜನ ಮೆಚ್ಚಿ ಕೊಂಡಿದ್ದರಿಂದ ಆಮೇಲೆ ಹತ್ತು ಸೇರಿ 46 ಆಯಿತು. ದೂರದ್ದು ಸಣ್ಣದಾಗಿ, ಹತ್ತಿರದ್ದು ದೊಡ್ಡದಾಗಿ ತೋರಿಸುವ ಈ ಉಪಾಯ ಯುರೋಪಿನ ಚಿತ್ರಗಳನ್ನು ನೋಡಿ ಕಲಿತದ್ದು. ಆಗ ಜಪಾನ್ ಹೊರಗಿನವರಿಗೆ ಬಹುಮಟ್ಟಿಗೆ ಬಾಗಿಲು ಹಾಕಿಕೊಂಡಿತ್ತು. ನಾಗಾಸಾಕಿ ಬಂದರಿಗೆ ಬರುತ್ತಿದ್ದ ಡಚ್ಚರ ಮೂಲಕ ಅಂಥ ಚಿತ್ರಗಳು ಒಳಗೆ ಬಂದಿದ್ದವು.

ಬಣ್ಣವೂ ಹೊರಗಿನದೇ. ಈ ಗಾಢ ನೀಲಿಯ ಹೆಸರು ಪ್ರಷ್ಯನ್ ಬ್ಲೂ. 1700ರ ಆಸುಪಾಸಿನಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಬಣ್ಣ. ಮೊದಲು ಜಪಾನಿನಲ್ಲಿ ಗಿಡದಿಂದ ತೆಗೆದ ನೀಲಿ ಬಳಸುತ್ತಿದ್ದರು, ಅದು ಬೇಗ ಮಾಸುತ್ತಿತ್ತು. ಹೊಸ ನೀಲಿ ಮಾಸುವುದಿಲ್ಲ. 1830ರ ಹೊತ್ತಿಗೆ ಅಗ್ಗವಾಗಿ ಸಿಗತೊಡಗಿತು. ನಮ್ಮ ಮಕ್ಕಳು ಒಂದು ವಿಷಯ ಸರಿಯಾಗಿ ಹಿಡಿಯುತ್ತಾರೆ: "ಮಳೆಗಾಲದಲ್ಲಿ ಸಮುದ್ರ ನೀಲಿ ಇರೂದಿಲ್ಲ ಅಲ್ವಾ ಸರ್?" ನಿಜ. ಆಷಾಢದಲ್ಲಿ ಕಾಳಿ ನದಿ ತಂದು ಸುರಿಯುವ ಕೆಸರಿಗೆ ನಮ್ಮ ಕಡಲು ಕೆಂಪು ಮಿಶ್ರ ಕಂದು ಬಣ್ಣಕ್ಕೆ ತಿರುಗಿರುತ್ತದೆ. ನಿಮ್ಮ ಅಲೆಗೆ ಆ ಬಣ್ಣವನ್ನೇ ಹಾಕಿ ಅನ್ನುತ್ತೇನೆ.

ಇನ್ನೊಂದು ಮಾತು ಜೋರಾಗಿ ಹೇಳಬೇಕು. ಇದು ಒಬ್ಬರ ಕೈಯ ಕೆಲಸ ಅಲ್ಲ. ಹೊಕುಸಾಯಿ ತೆಳು ಕಾಗದದ ಮೇಲೆ ಚಿತ್ರ ಬರೆದುಕೊಟ್ಟರು. ಕೆತ್ತುವವರು ಅದನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಕಾಗದದ ಸಮೇತ ಕೆತ್ತಿದರು. ಮೂಲ ಚಿತ್ರ ಅಲ್ಲಿಗೆ ಮುಗಿಯಿತು. ಗೆರೆ ಉಳಿಯಬೇಕಾದರೆ ಅದರ ಎರಡೂ ಬದಿಯ ಮರ ತೆಗೆಯಬೇಕು. ಆ ನೊರೆಯ ಒಂದೊಂದು ಬೆರಳನ್ನೂ ಹಾಗೆ ಉಳಿಸಿದ್ದಾರೆ. ಶಿರಸಿ, ಕುಮಟಾ ಕಡೆ ಗುಡಿಗಾರರು ಗಂಧದ ಮರ ಕೆತ್ತುವುದನ್ನು ಕಂಡವರಿಗೆ ಆ ಕೈಯ ಬೆಲೆ ಗೊತ್ತು. ಆಮೇಲೆ ಬಣ್ಣಕ್ಕೆ ಬೇರೆ ಬೇರೆ ಹಲಗೆ, ಅಚ್ಚು ಒತ್ತುವವರು ಬೇರೆ, ದುಡ್ಡು ಹಾಕುವ ಪ್ರಕಾಶಕರು ಬೇರೆ. ಕೆತ್ತಿದವರ ಹೆಸರು ಹಾಳೆಯ ಮೇಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರಿನ ಸಂಗತಿ. ಸಾವಿರಾರು ಪ್ರತಿ ಅಚ್ಚಾದವು. ಆಗ ಅವು ಸಾಮಾನ್ಯ ಜನ ಕೊಳ್ಳುವಷ್ಟು ಅಗ್ಗ. 2024ರಲ್ಲಿ ಬಂದ ಜಪಾನಿನ ಹೊಸ 1000 ಯೆನ್ ನೋಟಿನ ಹಿಂಬದಿಯಲ್ಲೂ ಇದೇ ಅಲೆ ಇದೆ.

ಈ ಸರಣಿ ಮಾಡುವ ಮುಂಚಿನ ವರ್ಷಗಳು ಅವರಿಗೆ ಕೆಟ್ಟವು. 1828ರಲ್ಲಿ ಹೆಂಡತಿ ತೀರಿಕೊಂಡರು. ಮೊಮ್ಮಗನ ಜೂಜಿನ ಸಾಲ ತೀರಿಸಬೇಕಾಯಿತು. ಸರಣಿ ಬಂದ ಮೇಲೂ ಕಷ್ಟ ತಪ್ಪಲಿಲ್ಲ, 1839ರಲ್ಲಿ ಬೆಂಕಿಗೆ ಮನೆಯ ಚಿತ್ರಗಳೆಲ್ಲ ಹೋದವು. ಆದರೂ ನಿಲ್ಲಿಸಲಿಲ್ಲ. 1834ರ 'ಫ್ಯೂಜಿಯ ನೂರು ನೋಟಗಳು' ಪುಸ್ತಕದಲ್ಲಿ ತಮ್ಮ ಬಗ್ಗೆ ಬರೆದುಕೊಂಡಿದ್ದಾರೆ: ಆರನೇ ವಯಸ್ಸಿನಿಂದ ಚಿತ್ರದ ಹುಚ್ಚು, ಎಪ್ಪತ್ತಕ್ಕೆ ಮೊದಲು ಮಾಡಿದ್ದು ಲೆಕ್ಕಕ್ಕಿಲ್ಲ, ಎಪ್ಪತ್ಮೂರಕ್ಕೆ ಪ್ರಾಣಿ, ಹಕ್ಕಿ, ಮೀನುಗಳ ರಚನೆ ಸ್ವಲ್ಪ ತಿಳಿಯಿತು, ನೂರಹತ್ತಕ್ಕೆ ಒಂದೊಂದು ಚುಕ್ಕಿಯೂ ಗೆರೆಯೂ ಜೀವ ತಳೆಯುತ್ತದೆ ಎಂದು. ನಮ್ಮ ಕಡಲತೀರಕ್ಕೆ ಯಾರ ಹೆಸರು ಇಟ್ಟಿದ್ದಾರೋ ಆ ರವೀಂದ್ರನಾಥ ಟಾಗೋರರೂ ಚಿತ್ರಕ್ಕೆ ಗಟ್ಟಿಯಾಗಿ ಕೂತಿದ್ದು ಅರವತ್ತು ದಾಟಿದ ಮೇಲೆಯೇ. ವಯಸ್ಸಾಯ್ತು, ಇನ್ನೇನು ಕಲಿಯೋದು ಎನ್ನುವ ಪಾಲಕರಿಗೆ ನಾನು ಈ ಇಬ್ಬರನ್ನೂ ತೋರಿಸುತ್ತೇನೆ.

ಎಂಬತ್ತು ದಾಟಿದ ಮೇಲೆ ಹೊಕುಸಾಯಿ ಸಮುದ್ರದಿಂದ ದೂರದ ಒಬುಸೆ ಎಂಬ ಬೆಟ್ಟದ ಊರಿಗೆ ಹೋದರು. ಅಲ್ಲಿನ ಹಬ್ಬದ ತೇರೊಂದರ ಒಳಮಾಡಿಗೆ 1845ರ ಸುಮಾರಿಗೆ ಮತ್ತೆ ಎರಡು ಅಲೆ ಬರೆದರು. ಅವುಗಳಲ್ಲಿ ದೋಣಿ ಇಲ್ಲ, ಫ್ಯೂಜಿ ಇಲ್ಲ. ಬರೀ ನೀರು ಸುತ್ತುತ್ತಿದೆ. ನನಗೆ ಗೋಡೆಯ ಮೇಲಿನದಕ್ಕಿಂತ ಆ ಎರಡು ಒಂದು ಕೈ ಮೇಲು ಅನ್ನಿಸುತ್ತದೆ. 1849ರಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಜೊತೆಗಿದ್ದವರು ಮಗಳು ಓಯಿ. ಅವರೂ ಒಳ್ಳೆಯ ಚಿತ್ರಗಾರ್ತಿ. ರಾತ್ರಿಯ ದೀಪದ ಬೆಳಕನ್ನು ಅವರಷ್ಟು ಚೆನ್ನಾಗಿ ತೋರಿಸಿದವರು ಆ ಕಾಲದ ಜಪಾನಿನಲ್ಲಿ ಕಡಿಮೆ.

ಆಮೇಲೆ ಈ ಪ್ರಿಂಟುಗಳು ಯುರೋಪಿಗೆ ಹೋದವು. ಫ್ರಾನ್ಸಿನ ಚಿತ್ರಕಾರ ಮೊನೆ ಜಪಾನಿನ ಪ್ರಿಂಟುಗಳನ್ನು ಕೂಡಿಟ್ಟರು. ಡಚ್ ಚಿತ್ರಕಾರ ವ್ಯಾನ್ ಗೋ 1888ರಲ್ಲಿ ತಮ್ಮನಿಗೆ ಬರೆದ ಪತ್ರದಲ್ಲಿ ಈ ಅಲೆಗಳು ಉಗುರುಗಳು, ದೋಣಿ ಅವುಗಳಲ್ಲಿ ಸಿಕ್ಕಿದೆ ಎಂದರು.

ಅಲೆ ನೋಡಿ ಮುಗಿಸಿದವರು ಅದೇ ಸರಣಿಯ 'ಎಜಿರಿ' ಚಿತ್ರ ನೋಡಿ. ಬಯಲಿನ ದಾರಿಯಲ್ಲಿ ಗಾಳಿ ಎದ್ದಿದೆ. ಒಬ್ಬಳ ಕೈಯಿಂದ ಕಾಗದಗಳು ಹಾರುತ್ತಿವೆ, ಇನ್ನೊಬ್ಬನ ಟೋಪಿ ಆಕಾಶದಲ್ಲಿದೆ, ಎಲ್ಲರೂ ಬಗ್ಗಿ ನಿಂತಿದ್ದಾರೆ. ಹಿಂದೆ ಫ್ಯೂಜಿ ಒಂದೇ ಗೆರೆಯಲ್ಲಿದೆ. ಮಕ್ಕಳಿಗೆ ತೋರಿಸುವುದಾದರೆ ಮೊದಲು ಹೆಸರು ಹೇಳಬೇಡಿ. ಗಾಳಿ ಎಲ್ಲಿದೆ, ಬೆರಳಿಟ್ಟು ತೋರಿಸಿ ಅನ್ನಿ.