ಪಾಳಿ ಬದಲಾಗುವ ಹೊತ್ತಿನ ಗೊಣಗಾಟ ಮತ್ತು ಸ್ತೋತ್ರ

ಜಿಲ್ಲಾ ಮಟ್ಟದ ಆಸ್ಪತ್ರೆಯೊಂದರ ಮಹಿಳಾ ವಾರ್ಡಿನಲ್ಲಿ ಶುಶ್ರೂಷಾಧಿಕಾರಿಯಾಗಿರುವ ನನಗೆ ಗೊಣಗಲು ಕಾರಣವಿಲ್ಲದ ದಿನಗಳು ಅಪರೂಪ. ಹಾಸಿಗೆಗಳಿಗಿಂತ ರೋಗಿಗಳು ಹೆಚ್ಚು, ರೋಗಿಗಳಿಗೆ ತಕ್ಕಷ್ಟು ಸಿಬ್ಬಂದಿ ಇಲ್ಲ, ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದ ಸಾಮಗ್ರಿ ಬೇಕಾದ ದಿನ ಬರುವುದಿಲ್ಲ. ಇದೆಲ್ಲ ಹೊರಬೀಳುವುದು ಬೆಳಿಗ್ಗೆ ಪಾಳಿ ಬದಲಾಗುವಾಗ. ಯಾರ ಡ್ರಿಪ್ ಎಷ್ಟು ಉಳಿದಿದೆ, ಯಾರಿಗೆ ರಾತ್ರಿ ಮೂತ್ರ ಸರಿಯಾಗಿ ಹೋಗಿಲ್ಲ ಎಂಬುದನ್ನು ಹೇಳಬೇಕಾದ ಹೊತ್ತು ಮೇಲಿನವರನ್ನು ಬೈಯುವುದರಲ್ಲೇ ಕಳೆದುಹೋಗುತ್ತದೆ, ರೋಗಿಗೆ ಸಲ್ಲಬೇಕಾದ ಗಮನ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಬೈಬಲಿನ ಅರಣ್ಯಕಾಂಡದ 11ನೆಯ ಅಧ್ಯಾಯ. ದೇವರು ಕೊಟ್ಟ ಮನ್ನಾ ಎಂಬ ಆಹಾರ ದಿನವೂ ದೊರೆಯುತ್ತಿದ್ದರೂ ಇಸ್ರಾಯೇಲ್ಯರು ತಾವು ಬಿಟ್ಟುಬಂದ ಐಗುಪ್ತದ (ಈಜಿಪ್ಟಿನ) ಮೀನು, ಸವತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ತಂತಮ್ಮ ಡೇರೆಗಳ ಬಾಗಿಲಲ್ಲಿ ಅಳುತ್ತಾರೆ. ಅಲ್ಲಿಯ ದಾಸತ್ವ ಮಾತ್ರ ಅವರ ನೆನಪಿಗೆ ಬರುವುದಿಲ್ಲ. ಅದೇ ಅಧ್ಯಾಯದಲ್ಲಿ ಅವರ ನಾಯಕ ಮೋಶೆಯೂ ದೂರುತ್ತಾನೆ, ಅದೂ ಬಹಳ ಕಟುವಾಗಿ: ಈ ಜನರ ಭಾರವನ್ನು ತಾನೊಬ್ಬನೇ ಹೊರಲಾರೆನೆಂದು ನೇರವಾಗಿ ದೇವರ ಮುಂದೆ ಹೇಳಿಕೊಳ್ಳುತ್ತಾನೆ. ಭಾರವನ್ನು ಹಂಚಿಕೊಳ್ಳಲು ಅವನಿಗೆ 70 ಮಂದಿ ಹಿರಿಯರು ದೊರೆಯುತ್ತಾರೆ. ಆದ್ದರಿಂದ ಕ್ರೈಸ್ತನಾದವನು ಕಷ್ಟವನ್ನು ನುಂಗಿಕೊಂಡು ಸುಮ್ಮನಿರಬೇಕೆಂಬ ಬೋಧನೆಯನ್ನು ನಾನು ಒಪ್ಪುವುದಿಲ್ಲ. ದೂರನ್ನು ಯಾರ ಬಳಿಗೆ ಒಯ್ಯುತ್ತೇವೆ, ಕೊಟ್ಟದ್ದನ್ನು ಮರೆತು ಒಯ್ಯುತ್ತೇವೆಯೇ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ.

ಇದನ್ನು ಕೆಲಸದಲ್ಲಿ ಮಾಡಿ ತೋರಿಸಿದವರು ನಮ್ಮ ವಾರ್ಡಿನ ಹಿರಿಯ ಸಿಸ್ಟರ್. ಕಫ ಹೀರಿ ತೆಗೆಯುವ ಸಕ್ಷನ್ ಯಂತ್ರ ನಡುರಾತ್ರಿ ನಿಂತುಹೋದದ್ದನ್ನು ಕಿರಿಯ ಸಿಸ್ಟರ್ ಒಬ್ಬರು ಸಿಟ್ಟಿನಿಂದ ಹೇಳತೊಡಗಿದಾಗ, "ಮೊದಲು ರೋಗಿಗಳ ವರದಿ ಮುಗಿಸಮ್ಮ, ಆಮೇಲೆ ಯಂತ್ರದ್ದನ್ನು ದಿನಾಂಕ, ಸಮಯ, ಬೆಡ್ ನಂಬರ್ ಹಾಕಿ ರಿಜಿಸ್ಟರಿನಲ್ಲಿ ಬರಿ, ನಾನೂ ಸಹಿ ಹಾಕುತ್ತೇನೆ" ಎಂದರು. ಬಳಿಕ ಲಕ್ವ ಹೊಡೆದು ಮಲಗಿದ್ದ ಅಜ್ಜಿಯ ಮಗ್ಗುಲು ಸರಿಸಿ, ಬೆನ್ನನ್ನೂ ಸೊಂಟವನ್ನೂ ನಮಗೆಲ್ಲ ತೋರಿಸಿದರು. ಚರ್ಮ ಎಲ್ಲಿಯೂ ಕೆಂಪಾಗಿರಲಿಲ್ಲ. ರಾತ್ರಿಯಿಡೀ ಎರಡೆರಡು ಗಂಟೆಗೊಮ್ಮೆ ಅಜ್ಜಿಯ ಮಗ್ಗುಲು ಬದಲಿಸಿದ್ದ ಆಯಾಳನ್ನು ಹತ್ತಿರ ಕರೆದು, "ಈ ಬೆನ್ನಿನಲ್ಲಿ ಹುಣ್ಣಾಗದೆ ಉಳಿದದ್ದು ನಿನ್ನ ಕೈಯಿಂದಮ್ಮ, ದೇವರಿಗೆ ಸ್ತೋತ್ರ" ಎಂದು ಎಲ್ಲರೆದುರು ಹೇಳಿದರು. ಗೊಣಗದೆ ಎಲ್ಲವನ್ನೂ ಮಾಡಿರೆಂದು ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಅಪೊಸ್ತಲ ಪೌಲನೂ ಅದೇ ಪತ್ರದಲ್ಲಿ, ಅವರು ಕಳುಹಿಸಿದ ಸಹಾಯವನ್ನು ತಂದು ಮುಟ್ಟಿಸಿದ ಎಪಫ್ರೊದೀತನನ್ನು ಹೆಸರು ಹಿಡಿದು ನೆನೆಯುತ್ತಾನೆ. ಇಂಥವರು ಇಂಥದ್ದನ್ನು ಮಾಡಿದರು ಎಂದು ಹೇಳಲಾಗದ ಕೃತಜ್ಞತೆ ಬಾಯುಪಚಾರವಾಗಿ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಆಯಾ ಗುತ್ತಿಗೆಯ ಮೇಲೆ ದುಡಿಯುವವಳು. ಅವಳ ಸಂಬಳ ತಡವಾಗಿ ಬರುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಂಥವಳಿಗೆ "ಇದ್ದುದರಲ್ಲಿ ತೃಪ್ತಿಪಡು" ಎಂದು ಹೇಳುವುದು ಸುವಾರ್ತೆಯಲ್ಲ. ಕೂಲಿಯಾಳುಗಳಿಂದ ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಅವಳಿಗೆ ಕೃತಜ್ಞತೆ ಹೇಳಿದ ಆ ಸಿಸ್ಟರ್ ಅವಳ ಸಂಬಳದ ವಿಷಯವಾಗಿ ಅಧಿಕಾರಿಗಳಿಗೆ ಮನವಿ ಪತ್ರವನ್ನೂ ತಾವೇ ಬರೆದರು. ಅದಕ್ಕೆ ನಾವೆಲ್ಲರೂ ಸಹಿ ಹಾಕಿದೆವು.