ಬೆಂಕಿ ಪಾಠ ಮತ್ತು 180 ದಿನ

ಮಗ ಎರಡನೇ ತರಗತಿ ಮುಗಿಸಿದ ಮೇಲೆ ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತೇವೆ ಅಂದಾಗ, ಹಾಸನದಿಂದ ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿ ಪೊಲೀಸ್‌ನೋರು ಹಿಡ್ಕೊಂಡು ಹೋಗಲ್ವೇನೇ?"

ಹೋಗಲ್ಲ. ಆದರೆ ನಾವಿರುವ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕಾಗದಪತ್ರ ಸರಿಯಿರಬೇಕು. ನದಿಯಾಚೆ ನ್ಯೂಜೆರ್ಸಿಯಲ್ಲಿರುವ ಗೆಳತಿ ವರ್ಷಾವರ್ಷ ಏನೂ ಬರೆದು ಕೊಡಬೇಕಿಲ್ಲ. ನನ್ನ ಫೈಲು ನೋಡಿ ನಗುತ್ತಾಳೆ.

ಮೊದಲಿಗೆ ಅಫಿಡವಿಟ್. ಪಾಠ ಶುರುವಾಗುವ ಮುಂಚೆ ಒಂದು, ಆಮೇಲೆ ಪ್ರತಿ ವರ್ಷ ಆಗಸ್ಟ್ 1ರೊಳಗೆ ಒಂದೊಂದು. ಬ್ಯಾಂಕಿನ ನೋಟರಿ ಮುಂದೆ ಕೂತು ಸಹಿ ಹಾಕಿದೆ. ಕಲಿಸುವವರು ಹೈಸ್ಕೂಲು ಪಾಸಾಗಿರಬೇಕು. ನನ್ನ ಪಿಯುಸಿ ಅಂಕಪಟ್ಟಿ ಇಷ್ಟು ವರ್ಷದ ಮೇಲೆ ಪೆಟ್ಟಿಗೆಯಿಂದ ಹೊರಗೆ ಬಂತು. ಮನೆಯಲ್ಲಿರುವ ದೊಡ್ಡವರು ಯಾರಿಗೂ ಹಿಂದಿನ ಐದು ವರ್ಷದಲ್ಲಿ ಕೆಲವು ಬಗೆಯ ಅಪರಾಧಗಳಲ್ಲಿ ಶಿಕ್ಷೆಯಾಗಿಲ್ಲ ಅಂತಲೂ ಬರೆಯಬೇಕು. ಆಗ ಅತ್ತೆ ನಮ್ಮ ಜೊತೆಗಿದ್ದರು. ಸುಮ್ನೆ ಒಂದು ಮಾತು ಹೇಳೋಣ ಅಂತ ವಿವರಿಸಿದೆ. "ನಾನೇನು ಕಳ್ಳತನ ಮಾಡ್ಕೊಂಡು ಬಂದಿದೀನೇನಮ್ಮಾ?" ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಇನ್ನೊಂದು ಸಾಲು: ಕಡ್ಡಾಯ ವಿಷಯಗಳನ್ನು ಇಂಗ್ಲಿಷಿನಲ್ಲೇ ಕಲಿಸುತ್ತೇನೆ. ಸಹಿ ಹಾಕಿದೆ. ಬೈಯುವುದು ಕಡ್ಡಾಯ ವಿಷಯಗಳ ಪಟ್ಟಿಯಲ್ಲಿಲ್ಲ, ಅದು ಕನ್ನಡದಲ್ಲೇ ನಡೆಯುತ್ತದೆ.

ಆ ಪಟ್ಟಿ ಉದ್ದವಾಗಿದೆ. ಗಣಿತ, ವಿಜ್ಞಾನ, ಅಮೆರಿಕದ ಜೊತೆಗೆ ಪೆನ್ಸಿಲ್ವೇನಿಯಾದ್ದೇ ಇತಿಹಾಸ, ಸಂಗೀತ, ಚಿತ್ರಕಲೆ, ವ್ಯಾಯಾಮ. ಬೆಂಕಿಯ ಅಪಾಯ ಮತ್ತು ಅದನ್ನು ತಡೆಯುವುದನ್ನು ಬಿಡದೆ ಕಲಿಸಬೇಕು ಅಂತ ಬೇರೆಯಾಗೇ ಹೇಳಿದ್ದಾರೆ. ಸಾಸಿವೆ ಸಿಡಿದು ಮೆಣಸಿನಕಾಯಿ ಹೊಗೆ ಎದ್ದರೆ ಸಾಕು, ನಮ್ಮ ಮನೆಯ ಅಲಾರಂ ಕೂಗುತ್ತದೆ. ಈ ಪಾಠಕ್ಕೆ ನಮ್ಮಲ್ಲಿ ರಜೆಯೇ ಇಲ್ಲ.

ವರ್ಷಕ್ಕೆ 180 ದಿನ, ಇಲ್ಲವೇ ಪ್ರೈಮರಿ ಮಕ್ಕಳಿಗಾದರೆ 900 ಗಂಟೆ. ನಾನು ದಿನ ಎಣಿಸುತ್ತೇನೆ. ಗಂಟೆ ಎಣಿಸಲು ಹೋದವರು ಅಡುಗೆ ಮಾಡುವುದು ಯಾವಾಗ?

ನಾನು ಎಡವಿದ್ದು ಡೈರಿಯಲ್ಲಿ. ಓದಿದ ಪುಸ್ತಕಗಳ ಹೆಸರನ್ನು ಪಾಠ ನಡೆದ ಹಾಗೆಯೇ ಬರೆದುಕೊಳ್ಳಬೇಕು ಅನ್ನುತ್ತದೆ ಕಾನೂನು. ಶುರುವಿನಲ್ಲಿ ದಿನಕ್ಕೊಂದು ಪುಟ ತುಂಬಿಸಿದೆ. ಡಿಸೆಂಬರ್ ಹೊತ್ತಿಗೆ ಸಾಕಾಗಿ ಬಿಟ್ಟೆ. ಫೆಬ್ರವರಿಯಲ್ಲಿ ಕೂತು ಎರಡು ತಿಂಗಳದ್ದನ್ನು ನೆನಪಿನಿಂದ ಬರೆದೆ. ಆಮೇಲೆ ನೋಡಿದರೆ, ಲೈಬ್ರರಿ ಪುಸ್ತಕ ಓದಿದ್ದೇವೆ ಅಂತ ಬರೆದಿದ್ದ ಒಂದು ವಾರವಿಡೀ ನಾವು ಹಾಸನದಲ್ಲಿದ್ದೆವು! ಬೇಲೂರಿನ ಗುಡಿಯ ಮುಂದೆ ಅವನು ಕೂತು ಮದನಿಕೆಯ ಚಿತ್ರ ಬಿಡಿಸಿದ್ದ. ಚಿತ್ರಕಲೆಗೆ ಅದಕ್ಕಿಂತ ಒಳ್ಳೆ ದಾಖಲೆ ಬೇಕಾ? ಅದನ್ನೇ ಬರೆದಿರಲಿಲ್ಲ. ಆ ವಾರವನ್ನು ಹೊಡೆದುಹಾಕಿದೆ. ಈಗ ರಾತ್ರಿ ಪಾತ್ರೆ ತೊಳೆದ ಮೇಲೆ ಮೂರೇ ಸಾಲು ಬರೆದು ಮಲಗುತ್ತೇನೆ.

ನಮ್ಮ ಶಾಲಾ ಜಿಲ್ಲೆಯ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವವರ) ಕಚೇರಿಯಿಂದ ಒಂದು ಸಲ ತಮ್ಮದೇ ಫಾರಂ ಬಂತು. ದಿನದ ವೇಳಾಪಟ್ಟಿ ಬೇಕಂತೆ. ಮೊದಲ ವರ್ಷವಾಗಿದ್ದರೆ ಹೆದರಿ ತುಂಬಿಸಿಬಿಡುತ್ತಿದ್ದೆ. ಈ ಸಲ ರಾಜ್ಯದ ಶಾಲಾ ಕಾನೂನಿನಲ್ಲಿ ಮನೆಪಾಠದ ಬಗ್ಗೆ ಇರುವ 1327.1ನೇ ಸೆಕ್ಷನ್ ತೆಗೆದು ಓದಿದೆ. ಅದರಲ್ಲಿ ವಿಷಯವಾರು ಗುರಿಗಳು, ಲಸಿಕೆ ಮತ್ತು ಆರೋಗ್ಯದ ದಾಖಲೆ ಕೇಳಿದ್ದಾರೆ, ವೇಳಾಪಟ್ಟಿ ಇಲ್ಲ. ಹಾಗಂತಲೇ ಮರ್ಯಾದೆಯಿಂದ ಬರೆದೆ. ಮತ್ತೆ ಕೇಳಲಿಲ್ಲ. 2014ರ ತಿದ್ದುಪಡಿಯ ನಂತರ ಡೈರಿ, ಮಗುವಿನ ಬರಹಗಳೆಲ್ಲ ಇರುವ ಫೈಲನ್ನೂ ಕಚೇರಿಗೆ ಒಪ್ಪಿಸಬೇಕಿಲ್ಲ. ವರ್ಷದ ಓದು ಸರಿಯಾಗಿ ನಡೆದಿದೆಯೇ ಅಂತ ಪರಿಶೀಲಿಸುವ ಮೌಲ್ಯಮಾಪಕರು ಅದನ್ನು ನೋಡಿ, ಮಗುವಿನ ಜೊತೆ ಮಾತಾಡಿ ಕೊಡುವ ಪತ್ರ ಜೂನ್ 30ರೊಳಗೆ ತಲುಪಿದರೆ ಆಯಿತು.

ಮೂರನೇ ತರಗತಿಗೆ ಒಂದು ಪರೀಕ್ಷೆಯೂ ಇದೆ, ಆಮೇಲೆ ಐದಕ್ಕೆ ಮತ್ತು ಎಂಟಕ್ಕೆ. ಅದನ್ನು ಅಪ್ಪ ಅಮ್ಮ ಮಾಡಿಸುವ ಹಾಗಿಲ್ಲ. ಗೆಳತಿಯೊಬ್ಬಳು ಮಾಡಿಸಿದಳು. ನಾನು ಕಾರಿನಲ್ಲಿ ಕೂತು ಉಗುರು ಕಚ್ಚಿದೆ.

ನಮ್ಮ ಮೌಲ್ಯಮಾಪಕಿ ನಿವೃತ್ತ ಟೀಚರ್. ಫೈಲು ತಿರುವುತ್ತಾ ಒಂದು ಕನ್ನಡ ಹಾಳೆಯ ಮೇಲೆ ಬೆರಳಿಟ್ಟು, ಇದೇನು ಅಂತ ಮಗನನ್ನೇ ಕೇಳಿದರು. ನನಗೆ ಎದೆ ಡವಡವ. ಅವನು ಓದಿ, ಇಂಗ್ಲಿಷಿನಲ್ಲಿ ಹೇಳಿದ: ಅಮ್ಮ ಒಗ್ಗರಣೆ ಹಾಕಿದಳು, ಅಲಾರಂ ಕೂಗಿತು, ಅಪ್ಪ ಟವೆಲ್ ಬೀಸಿದರು, ಅಜ್ಜಿ ಅಂಗಳಕ್ಕೆ ಓಡಿದರು.

ಅವರು ನಗುತ್ತಾ, ಬೆಂಕಿ ಸುರಕ್ಷತೆಯ ಮುಂದೆ ಗುರುತು ಹಾಕಿಕೊಂಡರು.