ಕೂಗದ ಕುಕ್ಕರ್, ನಿಲ್ಲುವ ಅಬ್ಬಿ

ಅಮ್ಮ ತೀರ್ಥಹಳ್ಳಿಯಿಂದ ಫ್ರಾನ್ಸಿನ ಟೂಲೂಸ್‌ಗೆ ಬರುವಾಗ ಹಳೆ ಸೀರೆಯಲ್ಲಿ ಸುತ್ತಿ ಮೂರು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ತಂದಿದ್ದಳು. ಆಗಸ್ಟ್ ಕೊನೆಯಲ್ಲಿ ಒಂದು ವಾರ ಅರಿಯೇಜ್ ಜಿಲ್ಲೆ ಕಡೆ ಹಳ್ಳಿಮನೆಗೆ ಹೊರಟಾಗಲೂ ಅದು ಅವಳ ತೊಡೆ ಮೇಲೇ ಇತ್ತು. "ಅಲ್ಲಿ ಪಾತ್ರೆ ಎಲ್ಲಾ ಇರುತ್ತಮ್ಮ" ಅಂದೆ. "ಇರುತ್ತೆ, ಯಾರು ಏನು ಬೇಯಿಸಿದ್ದೋ ಏನೋ" ಅಂದಳು. ಹಂದಿ, ಬಾತುಕೋಳಿ ಬೇಯುವ ಸೀಮೆ. ವಾದ ಮಾಡುವ ಹಾಗಿರಲಿಲ್ಲ.

ಫ್ರಾನ್ಸಿನಲ್ಲಿ ಹೀಗೆ ಬಾಡಿಗೆಗೆ ಸಿಗುವ ಹಳ್ಳಿಮನೆಗೆ ಜೀತ್ ಅನ್ನುತ್ತಾರೆ. ನಮ್ಮ ಕಿವಿಗೆ ಅದು ಬೇರೇನೋ ಕೇಳಿಸುತ್ತದೆ, ಅಲ್ವಾ? ಅಮ್ಮನೂ ಬೆಚ್ಚಿದ್ದಳು. ಎರಡನೇ ಮಹಾಯುದ್ಧದ ನಂತರ ಜನ ಹಳ್ಳಿ ಬಿಟ್ಟು ಪಟ್ಟಣ ಸೇರತೊಡಗಿದಾಗ, ಖಾಲಿ ಬಿದ್ದ ಮನೆ, ಕೊಟ್ಟಿಗೆಗಳನ್ನು ರಿಪೇರಿ ಮಾಡಿ ಬಾಡಿಗೆಗೆ ಕೊಡುವ ಏರ್ಪಾಡು ಶುರುವಾಯಿತು. 1955ರಲ್ಲಿ ಅದಕ್ಕೊಂದು ಒಕ್ಕೂಟವೂ ಆಯಿತು. ಹೋಟೆಲಿಗೆ ನಕ್ಷತ್ರ ಇದ್ದ ಹಾಗೆ ಆ ಒಕ್ಕೂಟದ ಮನೆಗಳಿಗೆ ಗೋಧಿ ತೆನೆಯ ಲೆಕ್ಕ. ನಮ್ಮದು ಮೂರು ತೆನೆಯದು. ಶನಿವಾರ ಸಂಜೆ ಹೋಗಬೇಕು, ಮುಂದಿನ ಶನಿವಾರ ಬೆಳಿಗ್ಗೆ ಬಿಡಬೇಕು. ಹಾಸಿಗೆಗೆ ಹೊದಿಸುವ ಬಟ್ಟೆ ನಾವೇ ಒಯ್ಯಬೇಕು. ಹೊರಡುವಾಗ ಗುಡಿಸಿ ಒರೆಸಿ ಕೊಡಬೇಕು.

ಟೂಲೂಸ್‌ನಿಂದ ಒಂದೂಕಾಲು ಗಂಟೆ ದಾರಿ. ಕಲ್ಲಿನ ಹಳೆ ಕೊಟ್ಟಿಗೆ, ಮೊಳದಷ್ಟು ದಪ್ಪ ಗೋಡೆ. ಅಂಗಳದಲ್ಲಿ ಅಂಜೂರದ ಮರ. ದಕ್ಷಿಣಕ್ಕೆ ಪಿರನೀಸ್ ಬೆಟ್ಟಸಾಲು. ಬುಕ್ ಮಾಡುವಾಗ ಫೋಟೋದಲ್ಲಿ ನಾನು ಬೆಟ್ಟ ನೋಡಿದ್ದೆ, ಒಲೆ ನೋಡಿರಲಿಲ್ಲ.

ಒಲೆ ಇಂಡಕ್ಷನ್ನು. ಅಲ್ಯೂಮಿನಿಯಂ ಪಾತ್ರೆಯನ್ನು ಅದು ಪಾತ್ರೆ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೀಂ ಪೀಂ ಅಂದು ಆರಿಹೋಗುತ್ತದೆ. ಅಮ್ಮ ಕುಕ್ಕರಿನ ತಳ ಒರೆಸಿದಳು, ಜಾಗ ಬದಲಾಯಿಸಿದಳು, ಕೊನೆಗೆ ನನ್ನ ಮುಖ ನೋಡಿದಳು. ಹೊತ್ತು ಎಂಟೂವರೆ. ಹೊರಗೆ ಇನ್ನೂ ಬೆಳಕು. ನಾಳೆ ಭಾನುವಾರ, ಅಂಗಡಿ ಸಿಕ್ಕರೂ ಮಧ್ಯಾಹ್ನದ ತನಕ ಅಷ್ಟೇ.

ಮನೆ ಯಜಮಾನಿ ಪಕ್ಕದಲ್ಲೇ ಇದ್ದರು. ಅಮ್ಮನದೇ ವಯಸ್ಸು. ವಿಷಯ ಹೇಳಿದೆ. ಅವರು ತಮ್ಮ ಕೊಕೊತ್ ತಂದುಕೊಟ್ಟರು. ಅದೂ ಪ್ರೆಷರ್ ಕುಕ್ಕರೇ, ಆದರೆ ಸ್ಟೀಲು. ಅಮ್ಮ ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿ ತೊಳೆದು ಅಕ್ಕಿ ಇಟ್ಟಳು. ಕೂಗಲಿ ಅಂತ ಕಾದಳು. ಅದು ಕೂಗಲಿಲ್ಲ, ಸುಮ್ನೆ ಬುಸ್ಸ್ ಅನ್ನುತ್ತಾ ಹೋಯಿತು. ಉರಿ ತಗ್ಗಿಸಿ ನಿಮಿಷ ಎಣಿಸುವುದು ಅದರ ಪದ್ಧತಿ. ನಲವತ್ತು ವರ್ಷ ಮೂರು ಕೂಗಿಗೆ ಅನ್ನ, ಐದು ಕೂಗಿಗೆ ಕಾಳು ಅಂತ ಬದುಕಿದವಳಿಗೆ ಅದು ಹೇಗೆ ಅರ್ಥವಾಗಬೇಕು? "ಇದು ಉಸಿರು ಬಿಡೋದೇ ನಿಲ್ಲಿಸಲ್ವಲ್ಲೋ!" ಅಂದಳು. ಆ ರಾತ್ರಿ ನಾವು ಉಂಡಿದ್ದು ಗಂಜಿ.

ಇನ್ನೊಂದು ಜಗಳ ಕಿಟಕಿಯದು. ಬಿಸಿಲೇರುತ್ತಿದ್ದ ಹಾಗೆ ಯಜಮಾನಿ ಬಂದು ಹೊರಗಿನಿಂದ ಮರದ ಬಾಗಿಲುಗಳನ್ನೆಲ್ಲ ಮುಚ್ಚುವರು. ಅವರು ಬೆನ್ನು ತಿರುಗಿಸಿದ ಕೂಡಲೇ ಅಮ್ಮ ತೆಗೆಯುವಳು. ಹಗಲು ಹೊತ್ತು ಮನೆ ಮುಚ್ಚಿಕೊಂಡು ಕೂರೋದು ಯಾವ ಸಂಪ್ರದಾಯ ಅಂತ. ಮೂರನೇ ದಿನ ಹೊರಗೆ ಮೂವತ್ತೈದು ಡಿಗ್ರಿ. ಕಿಟಕಿ ಮುಚ್ಚಿದ ಯಜಮಾನಿಯ ಮನೆಯೊಳಗೆ ಕಾಲಿಟ್ಟಾಗ ಹಸೆ ಇಲ್ಲದೆ ನೆಲದ ಮೇಲೇ ಮಲಗೋಣ ಅನ್ನುವಷ್ಟು ತಂಪು. ಮಾರನೇ ದಿನದಿಂದ ಅಮ್ಮನೇ ಹನ್ನೊಂದಕ್ಕೆ ಕಿಟಕಿ ಮುಚ್ಚತೊಡಗಿದಳು. ಮುಸ್ಸಂಜೆ ದೀಪದ ಹೊತ್ತಿಗೆ ಮಾತ್ರ ಎಲ್ಲಾ ತೆರೆದಿರಬೇಕು. ಅಲ್ಲಿನ ಮುಸ್ಸಂಜೆ ರಾತ್ರಿ ಎಂಟೂಮುಕ್ಕಾಲಕ್ಕೆ!

ಸೋಮವಾರ ಮಿರ್ಪ್ವಾದಲ್ಲಿ ಸಂತೆ. ಅದೊಂದು ಚಚ್ಚೌಕ ಊರು, ರಸ್ತೆಗಳೆಲ್ಲ ಗೆರೆ ಎಳೆದ ಹಾಗೆ. 1289ರಲ್ಲಿ ಮೇಲಿನ ಪ್ವಿವೇರ್ ಸರೋವರದ ಕಟ್ಟೆ ಒಡೆದು ಎರ್ಸ್ ನದಿ ಹಳೇ ಊರನ್ನು ಕೊಚ್ಚಿಕೊಂಡು ಹೋಯಿತು. ಆಮೇಲೆ ನದಿಯ ಆಚೆ ದಡದಲ್ಲಿ ಯೋಜನೆ ಹಾಕಿ ಹೊಸ ಊರು ಕಟ್ಟಿದರು. ನಡುವಿನ ಚೌಕದ ಸುತ್ತ ಮನೆಗಳ ಮೇಲಂತಸ್ತು ಮರದ ಕಂಬಗಳ ಮೇಲೆ ನಿಂತಿದೆ. ಕೆಳಗೆ ನೆರಳಲ್ಲೇ ಊರು ಸುತ್ತಬಹುದು. ಒಂದು ಮನೆಯ ತೊಲೆಗಳ ತುದಿಗೆಲ್ಲ ಮುಖ ಕೆತ್ತಿದ್ದಾರೆ. ಮನುಷ್ಯರು, ಪ್ರಾಣಿಗಳು, ವಿಕಾರ ಮೂತಿಗಳು. ಮಗಳು ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟಳು. ಅಮ್ಮ ತೊಲೆಯನ್ನೇ ನೋಡುತ್ತಿದ್ದಳು. "ಎಂಥಾ ಮರ! ಗೆದ್ದಲು ಹಿಡಿದಿಲ್ಲ ನೋಡು."

ಸಂತೆಯಲ್ಲಿ ಅವಳು ಬಾತುಕೋಳಿ, ಸಾಸೇಜ್ ಅಂಗಡಿಗಳನ್ನು ಮೂಗು ಮುಚ್ಚಿ ದಾಟಿ ಒಂದು ಬುಟ್ಟಿಯ ಮುಂದೆ ನಿಂತಳು. ಹಸಿ ಬೀನ್ಸ್. ಸಿಪ್ಪೆಯೊಳಗೆ ದುಂಡಗೆ ಬಿಳಿ ಕಾಳು. ಪಾಮಿಯೇ ಊರಿನ ಹೆಸರಿನ ಕೊಕೊ ಕಾಳು ಅದು. ಅಲ್ಲಿಯವರು ಹಂದಿ ಮಾಂಸ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಅಮ್ಮ ಎರಡು ಕಿಲೋ ತಗೊಂಡಳು. ಅಂಗಡಿಯವನು ತೂಗಿ ಕೊಟ್ಟ ಮೇಲೆ ಇನ್ನೊಂದು ಹಿಡಿ ತಾನೇ ಹಾಕಿಕೊಂಡಳು. ನಾನು ನೆಲ ನೋಡಿದೆ. ಅವನು ನಕ್ಕ.

ಫ್ವಾ ಊರಿನ ಕೋಟೆಯನ್ನು ಒಂದೇ ಗಂಟೆಯಲ್ಲಿ ಮುಗಿಸಿದೆವು. ಮೂರು ಗೋಪುರ, ಜಾಸ್ತಿ ಮೆಟ್ಟಿಲು.

ಮೊಂಸೆಗ್ಯೂರ್ ಹಾಗಲ್ಲ. 1,207 ಮೀಟರ್ ಎತ್ತರದ ಒಂಟಿ ಬಂಡೆ ಗುಡ್ಡ, ನೆತ್ತಿಯಲ್ಲಿ ಪಾಳು ಕೋಟೆ. ಹೆಂಡತಿ, ಮಗಳು ಹತ್ತಿದರು. ಅಮ್ಮನ ಮಂಡಿಗೆ ಆಗದು ಅಂತ ನಾವಿಬ್ಬರು ಕೆಳಗೆ ಹುಲ್ಲಿನ ಬಯಲಲ್ಲಿ ಕೂತೆವು. ಅಲ್ಲೊಂದು ಕಲ್ಲು ನಿಲ್ಲಿಸಿದ್ದಾರೆ. ಏನದು ಅಂತ ಕೇಳಿದಳು. ಕಥಾರರ ಕಥೆ ಹೇಳಿದೆ. ಅವರೂ ಕ್ರೈಸ್ತರೇ, ಆದರೆ ಚರ್ಚು ಒಪ್ಪದ ಪಂಥ. ಅವರಲ್ಲಿ ದೀಕ್ಷೆ ತಗೊಂಡವರು ಮಾಂಸ, ಮೊಟ್ಟೆ, ಹಾಲು ಮುಟ್ಟುತ್ತಿರಲಿಲ್ಲ. ಜೀವ ಒಂದು ದೇಹದಿಂದ ಇನ್ನೊಂದಕ್ಕೆ ಹೋಗುತ್ತದೆ ಅಂತ ನಂಬಿದ್ದರು.

"ಹಾಲೂ ಇಲ್ವಾ? ಮತ್ತೆ ಮಜ್ಜಿಗೆ?"

"ಇಲ್ಲ. ಮೀನು ಮಾತ್ರ ತಿಂತಿದ್ದರು."

"ಅದೆಂಥಾ ಲೆಕ್ಕ!" ಅಂತ ನಕ್ಕಳು.

ಅವರು ಸೇರಿಕೊಂಡಿದ್ದ ಈ ಕೋಟೆಗೆ ಹತ್ತು ತಿಂಗಳು ಮುತ್ತಿಗೆ ನಡೆಯಿತು. ಕೋಟೆ ಶರಣಾದ ಮೇಲೆ, ನಂಬಿಕೆ ಬಿಟ್ಟರೆ ಜೀವ ಉಳಿಯುತ್ತದೆ ಅಂದರು. ಬಿಡಲಿಲ್ಲ. 1244ರ ಮಾರ್ಚ್ 16ರಂದು ಇನ್ನೂರಕ್ಕೂ ಹೆಚ್ಚು ಜನರನ್ನು ಗುಡ್ಡದ ಬುಡದಲ್ಲಿ ಸುಟ್ಟರು. ಬಯಲಿಗೆ ಈಗಲೂ ಸುಟ್ಟವರ ಹುಲ್ಲುಗಾವಲು ಅಂತಲೇ ಹೆಸರು. ಅಮ್ಮ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಚಪ್ಪಲಿ ಬಿಚ್ಚಿ ಬದಿಗಿಟ್ಟಿದ್ದಳು.

ಗುರುವಾರ ಬೆಲೆಸ್ತಾ ಹತ್ತಿರ ಫೊಂತೆಸ್ತೋರ್ಬ್ ನೋಡಲು ಹೋದೆವು. ಬೆಟ್ಟದ ಗುಹೆಯಿಂದ ಹೊಳೆಯ ಹಾಗೆ ಹರಿದು ಬರುವ ನೀರು. ಮಲೆನಾಡಿನ ಹೆಂಗಸಿಗೆ ಅಬ್ಬಿ ನೀರು ಹೊಸದಲ್ಲ. ಅವಳ ತವರಲ್ಲಿ ಗುಡ್ಡದ ನೀರನ್ನು ಅಡಿಕೆ ದಬ್ಬೆಯಲ್ಲಿ ಹರಿಸಿ ಬಚ್ಚಲಿಗೆ ಬೀಳಿಸುತ್ತಿದ್ದರು. "ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?" ಅಂದಳು. ಸ್ವಲ್ಪ ತಾಳು, ಅಂದೆ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಈ ಅಬ್ಬಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಇಳಿಯುತ್ತದೆ, ಮತ್ತೆ ಉಕ್ಕುತ್ತದೆ. ನಮ್ಮ ಕಣ್ಣೆದುರೇ ಸದ್ದು ಸಣ್ಣಗಾಯಿತು. ಮುಳುಗಿದ್ದ ಕಲ್ಲುಗಳು ಒಂದೊಂದಾಗಿ ತಲೆ ಎತ್ತಿದವು. ಮಗಳು ಕಲ್ಲಿಂದ ಕಲ್ಲಿಗೆ ಹಾರಿ ಗುಹೆಯ ಬಾಯಿ ತನಕ ಹೋಗಿಬಂದಳು. ಆಮೇಲೆ ಒಳಗಿನಿಂದ ಗುಳುಗುಳು. ಅರ್ಧ ಗಂಟೆಯೊಳಗೆ ಅದೇ ಕಲ್ಲುಗಳ ಮೇಲೆ ಬಿಳಿ ನೊರೆ.

ಸುಣ್ಣಕಲ್ಲಿನ ಬೆಟ್ಟದೊಳಗೆ ಪೊಳ್ಳು ಜಾಗ ಇರುತ್ತದೆ, ಅಲ್ಲಿ ನೀರು ತುಂಬಿ ಒಂದು ಮಟ್ಟ ಮುಟ್ಟಿದರೆ ಸೈಫನ್ ಥರ ಒಮ್ಮೆಲೇ ಹೊರಬರುತ್ತದೆ, ಖಾಲಿಯಾದರೆ ಮತ್ತೆ ತುಂಬಬೇಕು ಅಂತೆಲ್ಲ ವಿವರಿಸಿದೆ. ಇಂಜಿನಿಯರ್ ಅಲ್ವಾ ನಾನು!

ಅಮ್ಮ ಅಂದಳು, "ನಮ್ಮ ಕುಕ್ಕರ್ ಥರ ಅನ್ನು."

ಬರುವ ದಾರಿಯಲ್ಲಿ ಅದೇ ಯೋಚನೆ ಇರಬೇಕು. ಶುಕ್ರವಾರ ಸಂಜೆ ಕೊಕೊತ್ ವಾಪಸ್ ಕೊಡಲು ಯಜಮಾನಿಯ ಅಡುಗೆಮನೆಗೆ ಹೋದರೆ ಅಲ್ಲಿ ಗ್ಯಾಸ್ ಒಲೆ! ಸಿಲಿಂಡರಿನದು, ನಮ್ಮೂರಿನ ಹಾಗೇ. ಅಮ್ಮ ಅಲ್ಲಿಂದಲೇ ಓಡಿಬಂದು ತನ್ನ ಕುಕ್ಕರ್ ಎತ್ತಿಕೊಂಡು ಹೋದಳು. ಉಳಿದಿದ್ದ ಕೊಕೊ ಕಾಳು ಹಾಕಿ, ಮುಚ್ಚಳ ಬಿಗಿದು, ವೆಯ್ಟ್ ಇಟ್ಟಳು. ಯಜಮಾನಿ ಕೈಕಟ್ಟಿ ನೋಡುತ್ತಿದ್ದರು.

ಮೊದಲ ಕೂಗಿಗೆ ಅವರ ನಾಯಿ ಅಂಗಳಕ್ಕೆ ಹಾರಿತು. ಅವರು ಕಿವಿ ಮುಚ್ಚಿಕೊಂಡು ಬಾಗಿಲ ತನಕ ಹಿಂದೆ ಸರಿದರು. ಅಮ್ಮ ಒಂದು ಬೆರಳೆತ್ತಿದಳು. ಎರಡನೇ ಕೂಗು, ಎರಡು ಬೆರಳು. ಮೂರನೆಯದಕ್ಕೆ ಯಜಮಾನಿಯೇ ಬೆರಳೆತ್ತಿ "ತ್ರ್ವಾ!" ಅಂದರು. ಹಸಿ ಕಾಳು, ಮೂರೇ ಸಾಕು ಅಂತ ಅಮ್ಮ ಒಲೆ ಆರಿಸಿದಳು. ಹುಳಿ ನಮ್ಮ ಪಾಲಿಗೆ ಸ್ವಲ್ಪ ಸಪ್ಪೆ. ಅವರು ಬ್ರೆಡ್ ಅದ್ದಿಕೊಂಡು ಮೂಗೊರೆಸುತ್ತಾ ತಿಂದರು.

ಶನಿವಾರ ಬೆಳಿಗ್ಗೆ ಚಮಚ, ತಟ್ಟೆ ಎಣಿಸಿ ಒಪ್ಪಿಸಿದೆವು. ಕಾರು ತಿರುಗಿಸುವಾಗ ಯಜಮಾನಿ ಅಂಜೂರದ ಮರದ ಕೆಳಗೆ ನಿಂತಿದ್ದರು. ಅಮ್ಮನ ತೊಡೆ ಮೇಲಿನ ಕುಕ್ಕರ್ ನೋಡಿ ಮೂರು ಬೆರಳು ಎತ್ತಿದರು.